ಆರ್ಡುಯಿನೊ ಉನೊ ಜೊತೆ ಪ್ಯಾಸಿವ್ ಪೀಜೋ ಬಜರ್: ದೀರ್ಘ ಬಳಕೆಯ ಅನುಭವ

ಮನೆಯ ಓವರ್‌ಹೆಡ್ ಟ್ಯಾಂಕ್ ತುಂಬಿದ್ದನ್ನು ತಿಳಿಸಲೆಂದು ಆರ್ಡುಯಿನೊ ಉನೊ ಎಂಬ, ಪ್ರೋಗ್ರಾಂ ಬರೆದು ನಡೆಸುವ ಪುಟ್ಟ ಸರ್ಕ್ಯೂಟ್ ಬೋರ್ಡಿಗೆ ಜೋಡಿಸಿದ ಪ್ಯಾಸಿವ್ ಪೀಜೋ ಬಜರ್ (ವಿದ್ಯುತ್ತಿನಿಂದ ಕಂಪಿಸುವ ತೆಳು ತಟ್ಟೆಯ ಬಜರ್) ಕೆಲವು ವರ್ಷಗಳಿಂದ ನಮ್ಮಲ್ಲಿ ಕೆಲಸ ಮಾಡುತ್ತಿದ್ದು, ಇದುವರೆಗೆ ಅದರ ದನಿ ಕುಂದಿಲ್ಲ. ಅಲಾರಂ ಆಗಿ ಇದಕ್ಕೆ ಪೂರ್ಣ ಅಂಕ ಕೊಡುತ್ತೇನೆ. ಸಂಗೀತಕ್ಕೆಂದು ಕೊಳ್ಳುವವರು ಮಾತ್ರ ಸ್ವಲ್ಪ ಯೋಚಿಸಬೇಕು.

ನೋಡುವುದಕ್ಕೆ ಆ್ಯಕ್ಟಿವ್ ಮತ್ತು ಪ್ಯಾಸಿವ್ ಬಜರ್‌ಗಳು ಹೆಚ್ಚುಕಡಿಮೆ ಒಂದೇ ತೆರನಾಗಿರುತ್ತವೆ. 5 ವೋಲ್ಟ್ ಡಿಸಿ ಕೊಟ್ಟೊಡನೆ ಒಂದೇ ಸಮನೆ ಕೂಗಿದರೆ ಅದು ಆ್ಯಕ್ಟಿವ್. ‘ಟಿಕ್’ ಎಂದು ಸುಮ್ಮನಾದರೆ ಪ್ಯಾಸಿವ್, ಅದಕ್ಕೆ ಸ್ವರದ ತರಂಗವನ್ನು ಬೋರ್ಡೇ ಕೊಡಬೇಕು. ಬೇರೆ ಬೇರೆ ಸ್ವರ ಬೇಕಿದ್ದರೆ ಎರಡನೆಯದೇ ಆಗಬೇಕು. ಕಾಯಿಲ್ ಇರುವ ಮ್ಯಾಗ್ನೆಟಿಕ್ ಬಜರ್ ಹೆಚ್ಚು ಕರೆಂಟ್ ಎಳೆಯುವುದರಿಂದ ಅದಕ್ಕೆ ಟ್ರಾನ್ಸಿಸ್ಟರ್ ಮತ್ತು ಡಯೋಡ್ ಬೇಕಾಗುತ್ತದೆ. ಪೀಜೋಗೆ 100 ಓಮ್ ರೆಸಿಸ್ಟರ್ ಒಂದಿದ್ದರೆ ಸಾಕು.

ಆರ್ಡುಯಿನೊದಲ್ಲಿ ಸ್ವರ ಹೊರಡಿಸುವ ಸಿದ್ಧ ಆದೇಶವಾದ ಟೋನ್ ಫಂಕ್ಷನ್‌ಗೆ ಪಿನ್, ಆವರ್ತನ, ಅವಧಿ ಕೊಟ್ಟರೆ ಸ್ವರವನ್ನು ಚಿಪ್‌ನೊಳಗಿನ ಟೈಮರ್ ನೋಡಿಕೊಳ್ಳುತ್ತದೆ, ಪ್ರೋಗ್ರಾಂ ಮುಂದೆ ಸಾಗುತ್ತದೆ. ಹೀಗಾಗಿ ಬಜರ್ ಕೂಗುತ್ತಿರುವಾಗಲೂ ನೀರಿನ ಸೆನ್ಸರ್ ಓದುವುದು ನಿಲ್ಲುವುದಿಲ್ಲ. ಶ್ರುತಿಯೂ ಚೆನ್ನಾಗಿದೆ: 440 ಹರ್ಟ್ಸ್ ಕೇಳಿದರೆ 16 ಮೆಗಾಹರ್ಟ್ಸ್ ಕ್ಲಾಕ್‌ನ ಲೆಕ್ಕದಲ್ಲಿ ಸುಮಾರು 440.14 ಬರುತ್ತದೆ, ಕಿವಿಗೆ ಈ ವ್ಯತ್ಯಾಸ ತಿಳಿಯದು. ತೊಡಕಿರುವುದು ನಾದದಲ್ಲಿ. ಪಿನ್‌ನಿಂದ ಹೊರಡುವುದು ಚೌಕ ತರಂಗ. ಪೀಜೋ ತಟ್ಟೆ ಜೋರಾಗಿ ಅನುರಣಿಸುವುದು ಸಾಮಾನ್ಯವಾಗಿ 2ರಿಂದ 4 ಕಿಲೋಹರ್ಟ್ಸ್ ನಡುವೆ. ಆದ್ದರಿಂದ 262 ಹರ್ಟ್ಸ್‌ನ ಷಡ್ಜವನ್ನು ಕೊಟ್ಟರೆ ಮೂಲ ಸ್ವರ ಕ್ಷೀಣವಾಗಿ, ಅದರ ಮೇಲಿನ ಉಪಸ್ವರಗಳೇ ಮುಂದೆ ಬಂದು, ತಗಡು ಕೊರೆದಂತೆ ಕೇಳಿಸುತ್ತದೆ. ಅದೇ ಬಜರ್ 2,500 ಹರ್ಟ್ಸ್‌ನಲ್ಲಿ ಮಹಡಿಯಿಂದ ಅಡುಗೆಮನೆಯವರೆಗೆ ಸ್ಪಷ್ಟವಾಗಿ ಮುಟ್ಟುತ್ತದೆ. ಒಮ್ಮೆಗೆ ಒಂದೇ ಸ್ವರ ಸಾಧ್ಯವಾದ್ದರಿಂದ ಷಡ್ಜ ಪಂಚಮಗಳನ್ನು ಒಟ್ಟಿಗೆ ಹಿಡಿದು ತಂಬೂರಿ ಮಾಡುವ ಆಸೆಯನ್ನೂ ಬಿಡಬೇಕು.

ಇನ್ನೊಂದು ಕಿರಿಕಿರಿಯೆಂದರೆ, ಉನೊದಲ್ಲಿ ಟೋನ್ ಬಳಸುವುದು ಟೈಮರ್ 2 ಅನ್ನು; 3 ಮತ್ತು 11ನೇ ಪಿನ್‌ಗಳ ಪಿಡಬ್ಲ್ಯುಎಂ (ಎಲ್‌ಇಡಿಯ ಬೆಳಕನ್ನು ಹೆಚ್ಚು ಕಡಿಮೆ ಮಾಡಲು ಬಳಸುವ ಸೌಲಭ್ಯ) ಅದರಿಂದ ಕೆಡುತ್ತದೆ. ನಮ್ಮ ಸೂಚಕ ಎಲ್‌ಇಡಿಯನ್ನು 9ನೇ ಪಿನ್‌ನಲ್ಲಿಟ್ಟಿರುವುದು ಇದೇ ಕಾರಣಕ್ಕೆ. ದನಿಯ ಮಟ್ಟ ತಗ್ಗಿಸಲು ಟೋನ್ ಫಂಕ್ಷನ್‌ನಲ್ಲಿ ಅವಕಾಶವಿಲ್ಲ. ರಾತ್ರಿ ಪಂಪ್ ಹಾಕುವ ಮನೆಯಾದರೆ ಬಜರ್‌ನ ತೂತಿನ ಮೇಲೆ ಒಂದು ತುಂಡು ಟೇಪ್ ಅಂಟಿಸಿಕೊಳ್ಳಬಹುದು.