ಔಷಧಿ ಸ್ಕ್ಯಾನರ್: ಆರು ತಿಂಗಳು ಬಳಸಿದ ಮೇಲೆ

ನಾನು ಐಸಿಯು ನರ್ಸ್. ಔಷಧಿ ಕೊಡುವ ಮುಂಚೆ ರೋಗಿಯ ಕೈಪಟ್ಟಿ, ಆಮೇಲೆ ಔಷಧಿಯ ಲೇಬಲ್, ಎರಡನ್ನೂ ಇದರಲ್ಲಿ ಸ್ಕ್ಯಾನ್ ಮಾಡಬೇಕು. ಮೊದಲ ವಾರ ಸಿಟ್ಟೇ ಬಂತು. ಕೈಪಟ್ಟಿ ಮಡಚಿದ್ದರೆ ಓದುವುದಿಲ್ಲ, ಒದ್ದೆಯಾದರಂತೂ ಮುಗಿದೇ ಹೋಯಿತು.

ಮನಸ್ಸು ಬದಲಾದದ್ದು ಒಂದು ರಾತ್ರಿ ಪಾಳಿಯಲ್ಲಿ. ಬೇಕಿದ್ದದ್ದು ಡೋಪಮೈನ್, ನನ್ನ ಕೈಯಲ್ಲಿದ್ದದ್ದು ಡೊಬುಟಮೈನ್. ಎರಡೂ ಹೃದಯ, ರಕ್ತದೊತ್ತಡಕ್ಕೆ ಕೊಡುವ ಔಷಧಿಗಳು; ಹೆಸರೂ ಹತ್ತಿರ, ಟ್ರೇಯಲ್ಲಿ ಇಟ್ಟಿದ್ದೂ ಅಕ್ಕಪಕ್ಕ. ಸ್ಕ್ಯಾನರ್ ಕಿರುಚಿತು, ಪರದೆ ಕೆಂಪಾಯಿತು. ಎದೆ ಝಲ್ ಅಂದಿತು. ಮರುದಿನವೇ ಎರಡನ್ನೂ ಬೇರೆ ಬೇರೆ ಡ್ರಾಯರ್‌ಗೆ ಹಾಕಿಸಿದೆ.

ಹಾಗಂತ ಇದನ್ನೇ ನಂಬಿ ಕೂರುವಂತಿಲ್ಲ. ಸಿರಿಂಜಿಗೆ ನಾನು ಎಷ್ಟು ಎಳೆದೆ ಅಂತ ಇದಕ್ಕೇನು ಗೊತ್ತು? ಪ್ರಮಾಣ ತಪ್ಪಿದರೆ ಅಪಾಯವಾಗುವ ಇನ್ಸುಲಿನ್, ಹೆಪಾರಿನ್ (ರಕ್ತ ಹೆಪ್ಪುಗಟ್ಟದಂತೆ ಕೊಡುವ ಔಷಧಿ) ಆದರೆ ಈಗಲೂ ಇನ್ನೊಬ್ಬ ನರ್ಸ್‌ಗೆ ತೋರಿಸಿಯೇ ಕೊಡುತ್ತೇನೆ. ಕೈಬರಹದ ಚೀಟಿಯಲ್ಲಿ 10ರ ಪಕ್ಕದ ಇಂಗ್ಲಿಷ್ ‘ಯು’ ಅಕ್ಷರ ಸೊನ್ನೆಯಂತೆ ಕಂಡರೆ 100 ಆಗಿಬಿಡುತ್ತದೆ, ಅಲ್ವಾ? ಅದಕ್ಕೇ ‘ಯುನಿಟ್’ ಅಂತ ಪೂರ್ತಿ ಬರೆಯಿರಿ ಅಂತ ಡಾಕ್ಟರ ಬೆನ್ನು ಬೀಳುತ್ತೇನೆ.

ಇನ್ನು ಬ್ಯಾಟರಿ. ಪಾಳಿ ಮುಗಿಯುವ ಮುಂಚೆಯೇ ಸುಮ್ನೆ ಸತ್ತುಹೋಗುತ್ತದೆ. ಆಗ ಕೆಲವರು ಅದನ್ನು ಮೇಜಿನ ಬಳಿಯೇ ಚಾರ್ಜ್‌ಗೆ ಹಾಕಿ, ಕೈಪಟ್ಟಿಯ ನಕಲನ್ನು ಮೇಜಿಗೆ ಅಂಟಿಸಿ, ರೋಗಿಯ ಕೈಪಟ್ಟಿ ನೋಡದೆ ಅಲ್ಲೇ ಸ್ಕ್ಯಾನ್ ಮಾಡಿ ಮುಗಿಸುತ್ತಾರೆ. ಅದಕ್ಕಿಂತ ಸ್ಕ್ಯಾನರ್ ಇಲ್ಲದಿರುವುದೇ ಮೇಲು. ಐದಕ್ಕೆ ನಾಲ್ಕು ಸ್ಟಾರ್.