ಮಾಸ್ತರರ ನಂತರದ ಮೈಕು: ನಮ್ಮೂರ ಕುಸ್ತಿ ಕಣದ ಹೊಸ ನಿರೂಪಣೆ

ಬಾಗಲಕೋಟೆ ಜಿಲ್ಲೆಯ ಜಮಖಂಡಿ ತಾಲ್ಲೂಕಿನ ನಮ್ಮ ಊರಿನ ಜಾತ್ರೆಯಲ್ಲಿ ಎರಡನೆಯ ದಿನ ಮಧ್ಯಾಹ್ನ ಜಂಗೀ ನಿಕಾಲಿ ಕುಸ್ತಿಗಳು, ಅಂದರೆ ಸೋಲು ಗೆಲುವು ತೀರ್ಮಾನವಾಗುವವರೆಗಿನ ಕುಸ್ತಿಗಳು, ನಡೆಯುತ್ತವೆ. ಇಪ್ಪತ್ತೆರಡು ವರ್ಷ ಈ ಕಣದಲ್ಲಿ ಮೈಕು ಹಿಡಿದವರು ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕರೊಬ್ಬರು. ಚಿಕ್ಕಂದಿನಲ್ಲಿ ಗರಡಿಯಲ್ಲಿ ಮಣ್ಣು ಮೆತ್ತಿಕೊಂಡು ಬೆಳೆದ ಅವರನ್ನು ಊರೆಲ್ಲ ಮಾಸ್ತರರೆಂದೇ ಕರೆಯುತ್ತದೆ. ಈ ವರ್ಷ ಜಾತ್ರಾ ಸಮಿತಿಯವರು ಅವರನ್ನು ಬಿಟ್ಟು, ಧ್ವನಿವರ್ಧಕ, ನಿರೂಪಣೆ ಮತ್ತು ಮೊಬೈಲಿನಲ್ಲಿ ನೇರ ಪ್ರಸಾರ ಈ ಮೂರನ್ನೂ ಒಟ್ಟಿಗೆ ಒದಗಿಸುವ ಸಂಸ್ಥೆಯೊಂದಕ್ಕೆ ಕೆಲಸ ವಹಿಸಿದರು. ಸುತ್ತಲಿನ ಊರುಗಳ ಸಮಿತಿಗಳೂ ಇದೇ ಆಲೋಚನೆಯಲ್ಲಿ ಇರುವುದರಿಂದ, ಆ ಸೇವೆ ನಮಗೆ ಏನು ಕೊಟ್ಟಿತು, ಏನನ್ನು ಕೊಡಲಿಲ್ಲ ಎಂಬುದನ್ನು ವಿವರವಾಗಿ ಬರೆಯುತ್ತಿದ್ದೇನೆ.

ನಾನು ಕುಸ್ತಿಯನ್ನು ಅಪ್ಪನ ಪಕ್ಕದಲ್ಲಿ ಕುಳಿತು ನೋಡುವವನು. ಗ್ಲಾಕೋಮಾದಿಂದ ಅಪ್ಪನ ಎರಡೂ ಕಣ್ಣು ಹೋಗಿ ಒಂಬತ್ತು ವರ್ಷಗಳಾದವು. ಆದರೂ ಅವರು ಒಂದು ವರ್ಷವೂ ಕಣ ತಪ್ಪಿಸಿಲ್ಲ. ಧಾರವಾಡ ಆಕಾಶವಾಣಿಯನ್ನು ಕೇಳುತ್ತ ಬೆಳೆದ ತಲೆಮಾರಿನ ಅವರಿಗೆ ಕಿವಿಯಿಂದ ನೋಡುವುದು ಹೊಸದೇನಲ್ಲ. ಮಾಸ್ತರರು ಹೇಳುತ್ತಿದ್ದ ರೀತಿಯೂ ಹಾಗೆಯೇ ಇತ್ತು. ಯಾರು ಮೇಲಿದ್ದಾರೆ, ಯಾರು ಕೆಳಗಿದ್ದಾರೆ, ಯಾರ ಯಾವ ಕೈ ಎಲ್ಲಿದೆ ಎಂಬುದು ಅವರ ಮಾತಿನಲ್ಲಿ ಮೊದಲು ಬರುತ್ತಿತ್ತು. ಪೈಲ್ವಾನನ ಊರು, ತಾಲೀಮು, ಕಲಿಸಿದ ವಸ್ತಾದರ ಹೆಸರು ಎಲ್ಲವೂ ಆಮೇಲೆ. "ಬಲಗೈ ಲಂಗೋಟಕ್ಕ ಬಿದ್ದೈತಿ, ಮೊಣಕಾಲು ಬೆನ್ನಿನ ಮ್ಯಾಲೆ ಊರ್‍ಯಾನ, ಘಿಸ್ಸಾಕ್ಕ ನೋಡಾಕತ್ತಾನ" ಎಂದು ಅವರು ಬರಲಿರುವ ಪಟ್ಟಿನ ಹೆಸರು ಹೇಳಿದಾಗ ಅಪ್ಪನ ಬಲಗೈ ತಾನಾಗಿಯೇ ಧೋತರದ ಮೇಲೆ ಮುಷ್ಟಿ ಕಟ್ಟುತ್ತಿದ್ದುದನ್ನು ನಾನು ಪ್ರತಿ ವರ್ಷ ನೋಡಿದ್ದೇನೆ.

ಹೊಸ ಸೇವೆಯ ಒಳ್ಳೆಯದನ್ನು ಮೊದಲು ಹೇಳಬೇಕು. ಹಿಂದೆ ಬೇವಿನ ಮರಕ್ಕೆ ಕಟ್ಟುತ್ತಿದ್ದ ಎರಡು ಕಹಳೆಗಳ ಧ್ವನಿ ಒಂದಕ್ಕೊಂದು ತಾಕಿ, ಹಿಂದಿನ ಸಾಲಿನವರಿಗೆ ಅರ್ಧ ಮಾತು ಮಾತ್ರ ತಲುಪುತ್ತಿತ್ತು. ಈ ಸಲ ಕಣದ ನಾಲ್ಕೂ ಮೂಲೆಗಳಲ್ಲಿ ಪೆಟ್ಟಿಗೆಗಳನ್ನು ಇಟ್ಟಿದ್ದರು, ಒಂದು ಅಕ್ಷರವೂ ಕೆಡಲಿಲ್ಲ. ಸುತ್ತಲಿನ ಮಾಳಿಗೆಗಳ ಮೇಲೆ ಕುಳಿತಿದ್ದ ಹೆಣ್ಣುಮಕ್ಕಳು, ಇಷ್ಟು ವರ್ಷಗಳಲ್ಲಿ ಮೊದಲ ಬಾರಿಗೆ ಎಲ್ಲ ಜೋಡಿಗಳ ಹೆಸರು ಕೇಳಿದವು ಎಂದರು. ನೇರ ಪ್ರಸಾರ ಎಲ್ಲಿಯೂ ಕಡಿಯಲಿಲ್ಲ. ಪುಣೆಯಲ್ಲಿ ಕೆಲಸಕ್ಕಿರುವ ನನ್ನ ತಮ್ಮ ನಂಬರ್ ಒಂದರ ಕುಸ್ತಿಯನ್ನು ಪೂರ್ತಿ ನೋಡಿದ. ಈ ಎರಡಕ್ಕೆ ಸಮಿತಿ ಕೊಟ್ಟ ಹಣ ಸಾರ್ಥಕವಾಗಿದೆ.

ನಿರೂಪಣೆಯ ಬಗ್ಗೆ ಆ ಮಾತು ಹೇಳಲಾರೆ. ಮೈಕು ಹಿಡಿದ ಯುವಕನ ಕಂಠ ಗಟ್ಟಿಯಾಗಿದೆ, ಉಚ್ಚಾರ ಶುದ್ಧವಾಗಿದೆ, ನಾಲ್ಕು ತಾಸಿನಲ್ಲಿ ಒಮ್ಮೆಯೂ ದಣಿವು ಕಾಣಲಿಲ್ಲ. ಆದರೆ ಅವನು ಮಾತನಾಡುತ್ತಿದ್ದುದು ನೋಡುತ್ತಿರುವವರಿಗೆ, ಅದೂ ಅವರು ಆಗಲೇ ನೋಡಿ ಮುಗಿಸಿದ್ದನ್ನು. ಬೆನ್ನು ಮಣ್ಣಿಗೆ ಹತ್ತುವವರೆಗೆ ನಡೆಯುವ ಮಟ್ಟಿ ಕುಸ್ತಿಗೆ ಅವನು ಮತ್ತೆ ಮತ್ತೆ ಪಾಯಿಂಟ್ ಎಂಬ ಮಾತು ತಂದ. ಕಬ್ಜಾ ಹಿಡಿದು, ಅಂದರೆ ಎದುರಾಳಿಯನ್ನು ಹಿಡಿತದಲ್ಲಿಟ್ಟುಕೊಂಡು, ಕೂತ ಪೈಲ್ವಾನ ದಾರಿ ಹುಡುಕುತ್ತಿರುವ ನಿಮಿಷಗಳು ಅವನಿಗೆ ಖಾಲಿ ಸಮಯವಾಗಿ ಕಂಡಿರಬೇಕು. ಆ ಹೊತ್ತಿಗೆ ದೇಣಿಗೆ ಕೊಟ್ಟವರ ಹೆಸರುಗಳನ್ನೂ ಗೊಬ್ಬರದ ಅಂಗಡಿಯ ಜಾಹೀರಾತನ್ನೂ ಓದಿದ. ನಿಜವಾದ ಕುಸ್ತಿ ನಡೆಯುವುದು ಆ ನಿಮಿಷಗಳಲ್ಲಿಯೇ. ಒಬ್ಬನ ಹೆಬ್ಬೆರಳು ಮಣ್ಣಿನಲ್ಲಿ ಎಷ್ಟು ಇಳಿದಿದೆ, ಇನ್ನೊಬ್ಬನ ಉಸಿರು ಹೇಗಿದೆ ಎಂಬುದರ ಮೇಲೆ ಮುಂದಿನದೆಲ್ಲ ನಿಂತಿರುತ್ತದೆ.

ಬೆಳ್ಳಿ ಗದೆಯ ಕುಸ್ತಿಯಲ್ಲಿ ಆದದ್ದನ್ನು ಹೇಳಲೇಬೇಕು. ಇಬ್ಬರೂ ಒಬ್ಬರ ಮೈಗೆ ಒಬ್ಬರು ಮಣ್ಣು ಎರಚಿ ಕೈ ಕೊಟ್ಟರು. ಹನ್ನೊಂದು ನಿಮಿಷ ಯಾರೂ ಬಗ್ಗಲಿಲ್ಲ. ಹಲಗಿಯವರು ಬಡಿತದ ವೇಗ ಏರಿಸಿದರು, ಅಂದರೆ ಏನೋ ಆಗಲಿದೆ ಎಂದು ಅವರಿಗೆ ತಿಳಿದಿತ್ತು. ಅದೇ ಹೊತ್ತಿಗೆ ಧ್ವನಿವರ್ಧಕದಲ್ಲಿ ಸಿನಿಮಾ ಸಂಭಾಷಣೆಯೊಂದು ಗುಡುಗಿತು. ಒಬ್ಬನು ಎದುರಾಳಿಯ ತೋಳನ್ನು ಎಳೆದು, ಸೊಂಟ ತಿರುಗಿಸಿ, ಢಾಕ ಎಂಬ ಪಟ್ಟು ಹಾಕಿ ಅವನನ್ನು ಚಿತ್ ಮಾಡಿದ್ದು ಕಣ್ಣಿದ್ದವರಿಗೆ ಕಂಡಿತು. ಜನ ಎದ್ದು ಕೂಗಿದರು. ಅಪ್ಪ ನನ್ನ ಮೊಣಕೈ ಹಿಡಿದು, "ಯಾಂವ ಬಿದ್ದನೋ? ಯಾ ಪಟ್ಟು?" ಎಂದು ಕೇಳಿದರು. ಆ ಪ್ರಶ್ನೆಯನ್ನು ಒಂಬತ್ತು ವರ್ಷಗಳಲ್ಲಿ ಅವರು ಕೇಳಬೇಕಾದ ಪ್ರಸಂಗವೇ ಬಂದಿರಲಿಲ್ಲ.

ಬಾಯಿ ಯಾವಾಗ ಮುಚ್ಚಬೇಕು ಎಂಬುದು ಈ ವಿದ್ಯೆಯ ಅರ್ಧ ಭಾಗ. ಅಮೆರಿಕದ ಬೇಸ್‌ಬಾಲ್‌ನಲ್ಲಿ 1974ರ ಏಪ್ರಿಲ್ 8ರಂದು ಹ್ಯಾಂಕ್ ಏರನ್ ತಮ್ಮ 715ನೆಯ ಹೋಮ್ ರನ್ (ಸಾಮಾನ್ಯವಾಗಿ ಚೆಂಡನ್ನು ಮೈದಾನದ ಬೇಲಿಯಾಚೆ ಕಳಿಸುವ ಹೊಡೆತ) ಹೊಡೆದು ಬೇಬ್ ರೂತ್ ಅವರ ದಾಖಲೆ ಮುರಿದಾಗ, ಲಾಸ್ ಏಂಜಲೀಸ್ ಡಾಜರ್ಸ್ ತಂಡದ ನಿರೂಪಕ ವಿನ್ ಸ್ಕಲ್ಲಿ ಚೆಂಡು ಎಲ್ಲಿ ಹೋಯಿತೆಂದು ಹೇಳಿ, ಬಳಿಕ ಬಹಳ ಹೊತ್ತು ಮೌನವಾಗಿದ್ದು ಜನರ ಹರ್ಷೋದ್ಗಾರವನ್ನೇ ಕೇಳಿಸಿದರು. ಮೊದಲು ಆದದ್ದನ್ನು ಸ್ಪಷ್ಟವಾಗಿ ಹೇಳಿ ಆಮೇಲೆ ಸುಮ್ಮನಾಗುವ ಈ ಕ್ರಮವನ್ನು ಮಾಸ್ತರರು ಯಾರಿಂದಲೂ ಕಲಿತವರಲ್ಲ. ಕುಸ್ತಿ ಮುಗಿದ ಕೂಡಲೇ ಗೆದ್ದವನ ಹೆಸರು, ಹಾಕಿದ ಪಟ್ಟು ಇಷ್ಟನ್ನೇ ಹೇಳಿ ಅವರು ಮೈಕನ್ನು ಎದೆಗೆ ಒತ್ತಿ ಹಿಡಿಯುತ್ತಿದ್ದರು, ಹಲಗಿ ತನ್ನ ಪಾಲಿನದನ್ನು ಹೇಳುತ್ತಿತ್ತು.

ಊರಿನಲ್ಲಿ ಈಗ ಅಭಿಪ್ರಾಯಗಳು ಒಂದಾಗಿಲ್ಲ. ಗರಡಿಯ ಹಿರಿಯರು ಮಾಸ್ತರರೇ ಬರಬೇಕೆನ್ನುತ್ತಾರೆ. ಹುಡುಗರಿಗೆ ಹೊಸಬನ ಹುರುಪು ಹಿಡಿಸಿದೆ, ಅವನ ಮಾತಿನ ತುಣುಕುಗಳು ಅವರ ಮೊಬೈಲುಗಳಲ್ಲಿ ಓಡಾಡುತ್ತಿವೆ. ಮಾಸ್ತರರ ಕಂಠ ಕಳೆದ ಎರಡು ವರ್ಷಗಳಿಂದ ಕುಗ್ಗಿತ್ತು, ಸಂಜೆಯ ದೊಡ್ಡ ಕುಸ್ತಿಗಳ ಹೊತ್ತಿಗೆ ಧ್ವನಿ ಒಡೆಯುತ್ತಿತ್ತು ಎಂಬ ಸಮಿತಿಯವರ ಮಾತೂ ಸುಳ್ಳಲ್ಲ. ಬದಲಾವಣೆ ಬೇಕಿತ್ತು ಎಂಬುದನ್ನು ನಾನು ಒಪ್ಪುತ್ತೇನೆ. ನನ್ನ ತಕರಾರು ಅದನ್ನು ಮಾಡಿದ ರೀತಿಯ ಬಗ್ಗೆ: ಜಾತ್ರೆಗೆ ಮೂರು ದಿನ ಉಳಿದಿರುವಾಗ ಫೋನಿನಲ್ಲಿ ಅವರಿಗೆ ತಿಳಿಸಲಾಯಿತು, ಕಣದಲ್ಲಿ ಒಂದು ಶಾಲು ಹೊದಿಸುವ ಯೋಚನೆಯೂ ಯಾರಿಗೂ ಬರಲಿಲ್ಲ.

ಇಂಥ ತಪ್ಪಿನ ಸಿಟ್ಟು ಬಂದು ಬೀಳುವುದು ಹೊಸಬನ ತಲೆಯ ಮೇಲೆ. ಬೇಸ್‌ಬಾಲ್‌ನಲ್ಲಿ ಒಂದು ತಂಡ ಪ್ರತಿ ವರ್ಷ 162 ಪಂದ್ಯ ಆಡುತ್ತದೆ. ಹೀಗಾಗಿ ಆರು ತಿಂಗಳು ಹೆಚ್ಚುಕಡಿಮೆ ದಿನಾಲೂ ಕೇಳುವ ರೇಡಿಯೊ ಧ್ವನಿ ಅಲ್ಲಿಯವರಿಗೆ ಮನೆಯವರದೇ ಆಗಿಬಿಡುತ್ತದೆ. ಡೆಟ್ರಾಯಿಟ್ ಟೈಗರ್ಸ್ ತಂಡದ ಪಂದ್ಯಗಳನ್ನು 1960ರಿಂದ ವಿವರಿಸುತ್ತಿದ್ದ ಅರ್ನಿ ಹಾರ್ವೆಲ್ ಅವರಿಗೆ 1991ನೆಯ ಇಸವಿಯೇ ಕೊನೆಯದೆಂದು 1990ರ ಡಿಸೆಂಬರ್‌ನಲ್ಲಿ ಪ್ರಕಟವಾದಾಗ ಅಭಿಮಾನಿಗಳು ಕೆರಳಿದರು. ಅವರ ಜಾಗಕ್ಕೆ ಬಂದ ರಿಕ್ ರಿಜ್ ಮತ್ತು ಬಾಬ್ ರಾತ್‌ಬನ್, ತಾವು ಮಾಡದ ನಿರ್ಧಾರಕ್ಕೆ ಬೈಗುಳ ತಿನ್ನಬೇಕಾಯಿತು. ತಂಡದ ಒಡೆತನ ಬದಲಾದ ಮೇಲೆ 1993ರಲ್ಲಿ ಹಾರ್ವೆಲ್ ಮರಳಿ ಬಂದರು. 2002ರಲ್ಲಿ ತಾವಾಗಿಯೇ ನಿವೃತ್ತರಾದರು. ನಮ್ಮ ಕಣದಲ್ಲಿಯೂ ಐದನೆಯ ಜೋಡಿಯ ಹೊತ್ತಿಗೆ ಕೆಲವರು "ಮೈಕ್ ಇಡೋ" ಎಂದು ಆ ಹುಡುಗನ ಮೇಲೆ ಕೂಗಾಡಿದರು. ಅವನು ಮುಖ ಬಾಡಿಸಿಕೊಂಡು ಒಂದು ಕ್ಷಣ ತಡೆದು ಮುಂದುವರಿಸಿದ. ಕೂಗಬೇಕಾದದ್ದಿದ್ದರೆ ಸಮಿತಿಯ ಸಭೆಯಲ್ಲಿ ಕೂಗಬಹುದಿತ್ತು.

ಕುಸ್ತಿ ಮುಗಿದ ಮೇಲೆ ನಾನು ಅವನನ್ನು ಮಾತನಾಡಿಸಿದೆ. ಮದುವೆ, ಸಭೆ, ಕಬಡ್ಡಿ ಪಂದ್ಯಗಳಲ್ಲಿ ಮೈಕು ಹಿಡಿದವನಂತೆ. ಮಟ್ಟಿ ಕುಸ್ತಿ ಅವನಿಗೆ ಇದೇ ಮೊದಲು. ಪಟ್ಟುಗಳ ಹೆಸರನ್ನು ಮೊಬೈಲಿನಲ್ಲಿ ಬರೆದುಕೊಂಡು ಬಂದಿದ್ದ, ಆದರೆ ಯಾವುದು ಯಾವುದೆಂದು ಗುರುತಿಸಲು ಆಗಲಿಲ್ಲ ಎಂದು ಮುಚ್ಚಿಡದೆ ಹೇಳಿದ. ಅಪ್ಪ ಪಕ್ಕದಲ್ಲಿಯೇ ಇದ್ದವರು, ಅವನ ತೋಳು ಹಿಡಿದು ಎಳೆದು, ಢಾಕ ಹಾಕುವಾಗ ಸೊಂಟ ಎಲ್ಲಿ ಬರುತ್ತದೆಂದು ನಿಂತಲ್ಲೇ ತೋರಿಸಿದರು. ಅವನು ಮತ್ತೊಮ್ಮೆ ತೋರಿಸಿ ಎಂದ.

ಧ್ವನಿವರ್ಧಕ ಮತ್ತು ನೇರ ಪ್ರಸಾರಕ್ಕೆ ಐದರಲ್ಲಿ ಐದು ಅಂಕ, ನಿರೂಪಣೆಗೆ ಎರಡು. ಈ ಸಂಸ್ಥೆಯನ್ನು ಕರೆಸುವ ಊರಿನವರು ಜಾಹೀರಾತು ಓದುವುದು ಎರಡು ಕುಸ್ತಿಗಳ ನಡುವೆ ಮಾತ್ರ ಎಂಬುದನ್ನು ಕರಾರಿನಲ್ಲಿಯೇ ಬರೆಸಿಕೊಳ್ಳಬೇಕು, ಮತ್ತು ಪಟ್ಟು ಬಲ್ಲ ಒಬ್ಬರನ್ನು ನಿರೂಪಕನ ಪಕ್ಕದಲ್ಲಿ ಕೂಡಿಸಬೇಕು. ನಮ್ಮ ಸಮಿತಿಗೆ ಇದನ್ನೇ ಬರೆದು ಕೊಟ್ಟಿದ್ದೇನೆ: ಮುಂದಿನ ಜಾತ್ರೆಯಲ್ಲಿ ಸಣ್ಣ ಜೋಡಿಗಳಿಗೆ ಆ ಯುವಕ ಮಾತನಾಡಲಿ, ಕೊನೆಯ ಮೂರು ಕುಸ್ತಿಗಳಿಗೆ ಮಾಸ್ತರರು ಮೈಕು ಹಿಡಿಯಲಿ, ಆಗ ಹುಡುಗ ಅವರ ಪಕ್ಕದಲ್ಲಿ ಕುಳಿತು ಕೇಳಲಿ. ಮಾಸ್ತರರು ಒಪ್ಪಿದ್ದಾರೆ. ಸಮಿತಿಯ ಉತ್ತರ ಇನ್ನೂ ಬಂದಿಲ್ಲ.