ಸ್ಯಾಟ್ ಓದು–ಬರಹದ ತಯಾರಿ: ಪುಕ್ಕಟೆ ಸಿಗುವ 'ಉತ್ತರ ವಿವರಣೆ'ಗಳನ್ನು ತಿಂಗಳುಗಟ್ಟಲೆ ಬಳಸಿದ ಮೇಲೆ

ಅಮೆರಿಕದ ಕಾಲೇಜುಗಳಿಗೆ ಸೇರಲು ಬರೆಯುವ ಸ್ಯಾಟ್ ಪರೀಕ್ಷೆಯಲ್ಲಿ ಓದು–ಬರಹ, ಗಣಿತ ಅಂತ ಎರಡು ವಿಭಾಗ. ಅದರ ತಯಾರಿ ಅಂದ ಕೂಡಲೇ ಎಲ್ಲರೂ ಕೋಚಿಂಗ್ ಎಲ್ಲಿ, ಆ್ಯಪ್ ಯಾವುದು, ಅಂಕ ಎಷ್ಟು ಬಂತು ಅಂತ ಕೇಳುತ್ತಾರೆ. ನಾನು ಬರೆಯಲು ಕೂತಿರುವುದು ಯಾರೂ ಕೇಳದ ಒಂದು ಪಿಡಿಎಫ್ ಬಗ್ಗೆ. ಈ ಪರೀಕ್ಷೆ ನಡೆಸುವ ಕಾಲೇಜ್ ಬೋರ್ಡ್‌ನವರು ಅಭ್ಯಾಸ ಪತ್ರಿಕೆಗಳ ಜೊತೆ ಹಣ ತೆಗೆದುಕೊಳ್ಳದೆ ಕೊಡುವ ಉತ್ತರ ವಿವರಣೆ ಅದು. ಅಣ್ಣನ ಮಗಳು ಮೊದಲ ಪಿಯು ಮುಗಿಸುವ ಹೊತ್ತಿಗೆ ಅದನ್ನು ಕೈಗೆತ್ತಿಕೊಂಡೆವು. ಅವಳು ಎರಡನೇ ಪಿಯುವಿನ ಡಿಸೆಂಬರಿನಲ್ಲಿ ಪರೀಕ್ಷೆ ಬರೆಯುವ ತನಕ ಅದು ನಮ್ಮ ಕೈ ಬಿಡಲಿಲ್ಲ. ಪರೀಕ್ಷೆ ಮುಗಿದು ಫಲಿತಾಂಶ ಬಂದಾಯ್ತು, ಆದರೂ ಬಿಡುವಾದಾಗ ನಾನು ಅದನ್ನು ತೆರೆದು ಓದುತ್ತೇನೆ. ಅಷ್ಟು ಹಿಡಿಸಿದೆ.

ನಮ್ಮದು ಸಾಗರ ತಾಲ್ಲೂಕಿನ ಅಡಿಕೆ ತೋಟದ ಮನೆ. ನಾನು ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಪಾಠ ಮಾಡುತ್ತೇನೆ. ಹುಡುಗಿ ಎಸ್‌ಎಸ್‌ಎಲ್‌ಸಿ ತನಕ ಕನ್ನಡ ಮಾಧ್ಯಮದಲ್ಲಿ ಓದಿ, ಪಿಯುಗೆ ಸೈನ್ಸ್ ತೆಗೆದುಕೊಂಡವಳು. ಇಂಗ್ಲಿಷಿನಲ್ಲಿ ಒಳ್ಳೆಯ ಅಂಕವೇ ಬರುತ್ತಿತ್ತು, ಪಾಠದ ಪ್ರಶ್ನೆಗೆ ಪಾಠದಿಂದಲೇ ಉತ್ತರ ಬರೆಯುವುದು ಅವಳಿಗೆ ಸಲೀಸು. ಎಂದೂ ಕಾಣದ ಒಂದು ಪ್ಯಾರಾ ಕೊಟ್ಟು ಇದರಿಂದ ಏನು ತಿಳಿಯುತ್ತದೆ ಅಂತ ಕೇಳಿದರೆ ಮಾತ್ರ ತಡವರಿಸುತ್ತಿದ್ದಳು. ಹೊರದೇಶದ ಕಾಲೇಜಿಗೆ ಅರ್ಜಿ ಹಾಕುವ ಆಸೆ ಅವಳದ್ದೇ. ಪೂರ್ತಿ ಹಣದ ನೆರವು ಸಿಗದಿದ್ದರೆ ಹೋಗುವ ಮಾತೇ ಇಲ್ಲ, ಅದು ಮೊದಲೇ ತೀರ್ಮಾನವಾಗಿತ್ತು. ಹಾಗೆ ನೆರವು ಕೊಡುವ ಕೆಲವು ದೊಡ್ಡ ಕಾಲೇಜುಗಳು ಸ್ಯಾಟ್ ಅಥವಾ ಅಂಥದ್ದೇ ಇನ್ನೊಂದು ಪರೀಕ್ಷೆಯ ಅಂಕ ಬೇಕೇ ಬೇಕು ಅನ್ನುತ್ತವೆ. ಅಮೆರಿಕದ ಎಂಐಟಿ 2022ರಲ್ಲಿ ಅದನ್ನು ಮತ್ತೆ ಕಡ್ಡಾಯ ಮಾಡಿತು. ನಮ್ಮ ದೇಶದ ಕೆಲವು ಖಾಸಗಿ ವಿಶ್ವವಿದ್ಯಾಲಯಗಳೂ ಈ ಅಂಕ ನೋಡುತ್ತವೆ. ಗಣಿತ ಅವಳಿಗೆ ಕಷ್ಟವಲ್ಲ, ಆ ಕಡೆ ನಾನು ತಲೆ ಹಾಕಲಿಲ್ಲ.

ಪರೀಕ್ಷೆಯ ರಚನೆ ನಿಮಗೆ ಗೊತ್ತಿರುತ್ತದೆ. ಓದು–ಬರಹಕ್ಕೆ 54 ಪ್ರಶ್ನೆ, 64 ನಿಮಿಷ, ಎರಡು ಹಂತ. ಮೊದಲ ಹಂತ ಹೇಗೆ ಮಾಡಿದಿರಿ ಎಂಬುದನ್ನು ನೋಡಿಕೊಂಡು ಎರಡನೆಯದು ಸುಲಭವೋ ಕಠಿಣವೋ ಆಗುತ್ತದೆ. ಮೊದಲಿನ ಹಾಗೆ ಉದ್ದುದ್ದ ಪಾಠ ಕೊಟ್ಟು ಹತ್ತು ಪ್ರಶ್ನೆ ಕೇಳುವ ಪದ್ಧತಿ ಈಗಿಲ್ಲ. 25ರಿಂದ 150 ಪದಗಳ ಒಂದು ಸಣ್ಣ ಭಾಗ, ಅದಕ್ಕೆ ಒಂದೇ ಪ್ರಶ್ನೆ, ನಾಲ್ಕು ಆಯ್ಕೆ. ತಪ್ಪಿಗೆ ಅಂಕ ಕಳೆಯುವುದಿಲ್ಲ. ನೀಟ್ ಕೋಚಿಂಗಿನಲ್ಲಿ ಮೈನಸ್ ಒಂದರ ಭಯ ಕಲಿತ ಮಕ್ಕಳಿಗೆ ಇದನ್ನು ಮತ್ತೆ ಮತ್ತೆ ಹೇಳಬೇಕು, ಇಲ್ಲದಿದ್ದರೆ ಖಾಲಿ ಬಿಟ್ಟು ಬರುತ್ತಾರೆ.

ಈಗ ವಿವರಣೆಯ ವಿಷಯ. ಬಜಾರಿನ ಗೈಡುಗಳಲ್ಲಿ ಉತ್ತರ 'ಬಿ' ಅಂತ ಇರುತ್ತದೆ, ಬಹಳವೆಂದರೆ ಅದು ಯಾಕೆ ಸರಿ ಅಂತ ಒಂದು ಸಾಲು. ಇಲ್ಲಿ ಪ್ರತಿ ಪ್ರಶ್ನೆಗೂ ಸರಿಯುತ್ತರಕ್ಕೆ ಕಾರಣ ಕೊಟ್ಟು, ಉಳಿದ ಮೂರರಲ್ಲಿ ಒಂದೊಂದೂ ಯಾಕೆ ತಪ್ಪು ಅಂತ ಬೇರೆ ಬೇರೆಯಾಗಿ ಬಿಡಿಸಿ ಹೇಳಿದ್ದಾರೆ. ಇದು ಸಣ್ಣ ಸಂಗತಿ ಅಂತ ನನಗೂ ಮೊದಲು ಅನ್ನಿಸಿತ್ತು. ವಾರ ಕಳೆಯುವುದರೊಳಗೆ ನಮ್ಮ ಜಗಳ ಪೂರಾ ಅದರ ಸುತ್ತಲೇ ಆಯಿತು.

"ಅತ್ತೆ, ಇಲ್ಲಿ ಹೇಳಿದ್ದು ನಿಜವೇ ಅಲ್ದಾ? ಮತ್ತೆ ಯಾಕೆ ತಪ್ಪು?" ಅವಳ ಪ್ರಶ್ನೆ ಯಾವಾಗಲೂ ಇದೇ. ಉತ್ತರ ನಾನು ಹೇಳುವ ಬದಲು ಪುಟ ತೆಗೆದು ಓದಿಸುತ್ತಿದ್ದೆ. ಮಾತು ನಿಜ, ಆದರೆ ಕೇಳಿದ ಪ್ರಶ್ನೆಗೆ ಅದು ಉತ್ತರವಲ್ಲ ಎಂದು ಅಲ್ಲಿರುತ್ತಿತ್ತು. ಇನ್ನೊಂದು ಕಡೆ, ಲೇಖಕ 'ಕೆಲವು' ಅಂದಿದ್ದನ್ನು ಈ ಆಯ್ಕೆ 'ಎಲ್ಲ' ಮಾಡಿದೆ ಎಂದು. ಮತ್ತೊಂದು ಕಡೆ, ಕಾರಣವನ್ನೂ ಪರಿಣಾಮವನ್ನೂ ಅದಲು ಬದಲು ಮಾಡಿದೆ ಎಂದು. ಮಗದೊಂದು ಕಡೆ, ಇದು ನಿಮ್ಮ ತಲೆಯಲ್ಲಿರುವ ಸಂಗತಿ, ಭಾಗದಲ್ಲಿ ಇದರ ಸುಳಿವೇ ಇಲ್ಲ ಎಂದು. ಇಷ್ಟು ವರ್ಷ ಪಾಠ ಮಾಡಿದ ನಾನೇ ತಪ್ಪುಗಳನ್ನು ಹೀಗೆ ಜಾತಿವಾರು ಬೇರ್ಪಡಿಸಿ ಮಕ್ಕಳಿಗೆ ತೋರಿಸಿರಲಿಲ್ಲ. ತಪ್ಪು ಅಂದರೆ ತಪ್ಪು, ಗೀಟು ಹಾಕಿ ಮುಂದೆ.

ಅವಳಿಗೆ ಇದು ತಲೆಗೆ ಇಳಿಯಲಿ ಅಂತ ನಾನೇ ಒಂದು ಭಾಗ ಬರೆದೆ, ತೋಟದ್ದು. 'ಮಳೆಗಾಲಕ್ಕೆ ಮುಂಚೆ ಶೇಕಡಾ ಒಂದರ ಬೋರ್ಡೊ ದ್ರಾವಣ ಸಿಂಪಡಿಸಿದ ಕೆಲವು ತೋಟಗಳಲ್ಲಿ ಆ ವರ್ಷ ಕೊಳೆರೋಗ ಕಡಿಮೆ ಕಂಡಿತು. ಸಿಂಪಡಿಸಲು ತಡವಾದ ತೋಟಗಳಲ್ಲಿ ಹೆಚ್ಚು ಕಾಯಿ ಉದುರಿತು.' ಇದರಿಂದ ಏನು ತಿಳಿಯುತ್ತದೆ? ಮೊದಲ ಆಯ್ಕೆ, ಬೋರ್ಡೊ ಹೊಡೆದರೆ ಕೊಳೆ ಬರುವುದೇ ಇಲ್ಲ. ಎರಡನೆಯದು, ಬೋರ್ಡೊ ದ್ರಾವಣವನ್ನು ಮೈಲುತುತ್ತ ಮತ್ತು ಸುಣ್ಣದಿಂದ ಮಾಡುತ್ತಾರೆ. ಮೂರನೆಯದು, ಕೊಳೆ ಹೆಚ್ಚಾದ್ದರಿಂದಲೇ ಆ ತೋಟದವರು ತಡವಾಗಿ ಸಿಂಪಡಿಸಿದರು. ನಾಲ್ಕನೆಯದು, ಸಿಂಪಡಿಸುವ ಸಮಯಕ್ಕೂ ಕೊಳೆಯ ಪ್ರಮಾಣಕ್ಕೂ ಸಂಬಂಧ ಇದ್ದಿರಬಹುದು. ಹುಡುಗಿ ಎರಡನೆಯದಕ್ಕೆ ಗುರುತು ಹಾಕಿದಳು. ಯಾಕೆಂದರೆ ಅದು ನಿಜ, ಅವಳಪ್ಪ ಪ್ರತಿ ವರ್ಷ ಡ್ರಮ್ಮಿನಲ್ಲಿ ಕಲಸುವುದನ್ನು ಕಣ್ಣಾರೆ ನೋಡಿದ್ದಾಳೆ. ಭಾಗದಲ್ಲಿ ಎಲ್ಲಿದೆ ಅಂತ ಕೇಳಿದಾಗ ಸುಮ್ಮನಾಗಿ ಮತ್ತೆ ಓದಿದಳು. ನಾಲ್ಕನೆಯದರ ಆ 'ಇದ್ದಿರಬಹುದು' ಅವಳಿಗೆ ಸಪ್ಪೆ ಅನ್ನಿಸಿತ್ತಂತೆ. ಸರಿಯುತ್ತರ ಎಷ್ಟೋ ಸಲ ಹೀಗೆ ಸಪ್ಪೆಯಾಗಿಯೇ ಇರುತ್ತದೆ, ಆಧಾರ ಇದ್ದಷ್ಟೇ ಹೇಳುತ್ತದೆ ಅನ್ನುವುದು ಅವತ್ತು ಗಟ್ಟಿಯಾಯಿತು.

ಬಳಸಿದ ರೀತಿ ಹೇಳುತ್ತೇನೆ. ಸಾಗರದ ಬಸ್‌ಸ್ಟ್ಯಾಂಡ್ ಹತ್ತಿರ ಜೆರಾಕ್ಸ್ ಮಾಡಿಸಿ ಸ್ಪೈರಲ್ ಹಾಕಿಸಿದೆವು. ಪ್ರಶ್ನೆಗಳದ್ದೇ ಒಂದು ಪುಸ್ತಕ, ವಿವರಣೆಗಳದ್ದೇ ಇನ್ನೊಂದು. ಬೆಳಿಗ್ಗೆ ಕಾಫಿ ಆದ ಮೇಲೆ ಜಗಲಿಯಲ್ಲಿ ಕೂತು ಐದಾರು ಭಾಗ, ಅಷ್ಟೇ. ಪೆನ್ಸಿಲ್ ಮಾತ್ರ. ಉತ್ತರ ಗುರುತು ಹಾಕಿದ ಮೇಲೆ ಬಿಟ್ಟ ಮೂರಕ್ಕೂ ಬದಿಯಲ್ಲಿ ಒಂದೊಂದು ಮಾತಿನ ಕಾರಣ ಬರೆಯಬೇಕು: 'ಅತಿ', 'ಬೇರೆ ಪ್ರಶ್ನೆ', 'ಉಲ್ಟಾ', 'ಇಲ್ಲಿಲ್ಲ'. ಕನ್ನಡದಲ್ಲಿಯೇ. ಆಮೇಲೆ ವಿವರಣೆ ತೆಗೆದು ಹೋಲಿಸುವುದು. ಉತ್ತರ ಸರಿಯಿದ್ದು ಕಾರಣ ತಪ್ಪಿದ್ದರೆ ಅದಕ್ಕೂ ಕೆಂಪು ಚುಕ್ಕೆ. ಜುಲೈ ಬಂದಾಗ ಕಾಗದವೆಲ್ಲ ತೇವ ಎಳೆದುಕೊಂಡು ಪೆನ್ಸಿಲ್ ಮೂಡದ ಹಾಗೆ ಆಗುತ್ತಿತ್ತು. ರಾತ್ರಿ ಎರಡೂ ಪುಸ್ತಕವನ್ನು ಬಚ್ಚಲೊಲೆಯ ಪಕ್ಕದ ಹಲಗೆಯ ಮೇಲೆ ಇಡುವುದು ಅಣ್ಣನ ಕೆಲಸವಾಯಿತು. ಅವನು ಹೇಳಿಸಿಕೊಳ್ಳದೆ ಮಾಡುತ್ತಿದ್ದ.

ನಾನು ನಿರೀಕ್ಷಿಸದೇ ಇದ್ದ ಸುಖ ಸಿಕ್ಕಿದ್ದು ಕೊಯ್ಲಿನ ದಿನಗಳಲ್ಲಿ. ಸುಲಿಯುವ ಯಂತ್ರ ಬಂದಿದ್ದರೂ ನಮ್ಮಲ್ಲಿ ಇನ್ನೂ ಕೈಯಲ್ಲೇ ಸುಲಿಸುತ್ತೇವೆ. ಸಂಜೆಯಾದರೆ ಅಂಗಳದ ಚಪ್ಪರದಲ್ಲಿ ಸಾಲಾಗಿ ಮೆಟ್ಟುಗತ್ತಿ ಇಟ್ಟುಕೊಂಡು ಹೆಂಗಸರು ಕೂರುತ್ತಾರೆ. ಪರೀಕ್ಷೆ ಹತ್ತಿರ ಬಂದಿದ್ದರಿಂದ ಹುಡುಗಿ ಅಲ್ಲೇ ಮೂಲೆಯಲ್ಲಿ ಓದಿಕೊಳ್ಳುತ್ತಿದ್ದಳು. ಒಂದು ದಿನ ಯಾರೋ ಅದೇನು ಓದ್ತೀಯ, ನಮಗೂ ಹೇಳು ಅಂದರು. ಅವಳು ಒಂದು ಭಾಗದ ಸಾರ ಕನ್ನಡದಲ್ಲಿ ಹೇಳಿ ನಾಲ್ಕು ಆಯ್ಕೆ ಮುಂದಿಟ್ಟಳು. ಯಾವುದೋ ಹಕ್ಕಿ ಗೂಡು ಕಟ್ಟುವ ವಿಷಯ. ಚಪ್ಪರದಲ್ಲಿ ಎರಡು ಪಂಗಡವಾಗಿ ವಾದ ಶುರುವಾಯಿತು. ಶಾಲೆಯ ಮೆಟ್ಟಿಲು ಹತ್ತದ ಹಿರಿಯಳೊಬ್ಬಳು ಕೈ ನಿಲ್ಲಿಸದೆ, "ತಂಗೀ, ಯಾವಾಗ್ಲೂ ಅಂತ ಅವರೆಲ್ಲಿ ಹೇಳಿದ್ರು? ಒಂದೊಂದ್ಸಲ ಅಂದ್ರಲ್ದಾ?" ಅಂದಳು. ವಿವರಣೆಯ ಪುಟದಲ್ಲಿ ಅದೇ ಕಾರಣ ಇತ್ತು. ಆಮೇಲೆ ಕೊಯ್ಲು ಮುಗಿಯುವ ತನಕ ರಾತ್ರಿ ರಾತ್ರಿ ಇದು ನಡೆಯಿತು. ಇಂಗ್ಲಿಷ್ ಭಾಗವನ್ನು ಬೇರೆಯವರಿಗೆ ಅರ್ಥವಾಗುವ ಹಾಗೆ ಎರಡು ಮಾತಿನಲ್ಲಿ ಹೇಳುವ ಅಭ್ಯಾಸ ಅವಳಿಗೆ ಆಗಿದ್ದು ಅಲ್ಲಿ. ನನ್ನ ಪಾಠದಿಂದ ಆದದ್ದಕ್ಕಿಂತ ಅದು ಹೆಚ್ಚು ಅಂತ ನನಗೆ ಅನ್ನಿಸುತ್ತದೆ.

ಇನ್ನು ಸಿಟ್ಟಿನ ವಿಷಯ. ನಾವು ಒಂದು ಆನ್‌ಲೈನ್ ಕೋಚಿಂಗಿಗೂ ಹಣ ಕಟ್ಟಿದ್ದೆವು, 28,000 ರೂಪಾಯಿ. ನಮ್ಮಂಥ ಮನೆಗೆ ಅದು ಸಣ್ಣ ಮೊತ್ತವಲ್ಲ. ಲೈವ್ ಕ್ಲಾಸು ರಾತ್ರಿ. ಮಳೆಗಾಲದಲ್ಲಿ ಮರ ಬಿದ್ದು ಕರೆಂಟ್ ಹೋದರೆ ಇಲ್ಲಿ ಬರುವುದು ಯಾವಾಗಲೋ. ಇನ್ವರ್ಟರ್ ಇದ್ದರೂ ಟವರಿನಲ್ಲಿ ಸಿಗ್ನಲ್ ಇರುವುದಿಲ್ಲ. ರೆಕಾರ್ಡಿಂಗ್ ಕೊಡಿ ಅಂದರೆ ಕೆಲವೇ ದಿನ ನೋಡಬಹುದು, ಆಮೇಲೆ ತಾನೇ ಮುಚ್ಚಿಹೋಗುತ್ತದೆ. ಬೇಡ, ಹಣ ವಾಪಸ್ ಕೊಡಿ ಅಂದರೆ ಗಡುವು ಮುಗಿದಿದೆ ಅಂದರು. ಇದನ್ನಾದರೂ ಸಹಿಸಬಹುದಿತ್ತು. ಅಲ್ಲಿ ಕಲಿಸಿದ್ದು ನನಗೆ ಹೆಚ್ಚು ನೋವು ಕೊಟ್ಟಿತು. ಸಾವಿರಾರು ಪದಗಳ ಪಟ್ಟಿ ಬಾಯಿಪಾಠ. ಭಾಗ ಓದಬೇಡಿ, ಮೊದಲು ಆಯ್ಕೆ ನೋಡಿ ಅನ್ನುವ ಉಪಾಯಗಳು. ಇಂಥ ಶಬ್ದ ಕಂಡರೆ ಕಣ್ಣು ಮುಚ್ಚಿ ಬಿಡಿ ಅನ್ನುವ ಸೂತ್ರಗಳು. ಈ ಪರೀಕ್ಷೆಯಲ್ಲಿ ಪದದ ಪ್ರಶ್ನೆ ಬರುವುದು ವಾಕ್ಯದ ಒಳಗೆ. ಸುತ್ತಲಿನ ಮಾತು ಓದಿ ಖಾಲಿ ಜಾಗಕ್ಕೆ ಯಾವುದು ಸಲ್ಲುತ್ತದೆ ಅಂತ ತೂಗಬೇಕು. ಓದಲು ಹೆದರುವ ಮಗುವಿಗೆ ಓದದೇ ಇರುವುದನ್ನು ಕಲಿಸಿ ಹಣ ತೆಗೆದುಕೊಳ್ಳುವುದು ನ್ಯಾಯವಲ್ಲ. ಹಳ್ಳಿಯ ತಂದೆತಾಯಿಗಳಿಗೆ ಪುಕ್ಕಟೆಯದ್ದು ಕಳಪೆ ಅನ್ನುವ ಭಯ ಇರುತ್ತದೆ, ಅಣ್ಣನಿಗೂ ಇತ್ತು. ಈ ವಿಮರ್ಶೆ ಅವರಿಗಾಗಿ.

ಪರೀಕ್ಷೆಯ ಬಗ್ಗೆಯೂ ಒಂದು ಅಸಮಾಧಾನ ಇದೆ. ಹೆಸರು 'ಓದು ಮತ್ತು ಬರಹ', ಆದರೆ ಒಂದು ವಾಕ್ಯವನ್ನೂ ಬರೆಯಬೇಕಾಗಿಲ್ಲ. ಅಲ್ಪವಿರಾಮ ಎಲ್ಲಿ, ಕರ್ತೃವಿಗೆ ಕ್ರಿಯಾಪದ ಹೊಂದುತ್ತದೆಯೇ, ಎರಡು ವಾಕ್ಯದ ನಡುವೆ 'ಆದರೆ' ಬರಬೇಕೋ 'ಹಾಗಾಗಿ' ಬರಬೇಕೋ, ಕೊಟ್ಟ ಟಿಪ್ಪಣಿಗಳಿಂದ ಇಂಥ ಉದ್ದೇಶಕ್ಕೆ ಯಾವ ವಾಕ್ಯ ಸರಿ, ಹೀಗೆ ಆರಿಸುವುದು ಮಾತ್ರ. ಹಿಂದೆ ಇದ್ದ ಪ್ರಬಂಧವನ್ನು 2021ರಲ್ಲಿ ತೆಗೆದರು. ಕಾಲೇಜಿಗೆ ಸಿದ್ಧರೇ ಅಂತ ನೋಡುವ ಪರೀಕ್ಷೆಯಲ್ಲಿ ಬರೆಸಿ ನೋಡದೇ ಇರುವುದು ನನಗೆ ಒಪ್ಪಿಗೆಯಿಲ್ಲ. ವಾರಕ್ಕೊಂದು ಭಾಗ ಆರಿಸಿ, ಅದರ ವಾದವನ್ನು ಅರ್ಧ ಪುಟದಲ್ಲಿ ಅವಳದ್ದೇ ಇಂಗ್ಲಿಷಿನಲ್ಲಿ ಬರೆಸಿ ನಾನು ತಿದ್ದುತ್ತಿದ್ದೆ. ಅಂಕಕ್ಕೆ ಇದರಿಂದ ಉಪಯೋಗ ಆಯಿತೋ ಗೊತ್ತಿಲ್ಲ. ಅರ್ಜಿಯ ಪ್ರಬಂಧ ಬರೆಯುವಾಗ ಖಂಡಿತ ಆಯಿತು.

ಕಾಗದದ ಮೇಲೆ ಮಾಡುವವರಿಗೆ ತಿಳಿದಿರಬೇಕಾದ ಮಿತಿಗಳಿವೆ. ಮುದ್ರಿಸಿಕೊಳ್ಳುವ ಪತ್ರಿಕೆ ನಿಮ್ಮ ಉತ್ತರ ನೋಡಿ ಬದಲಾಗುವುದಿಲ್ಲ, ಪ್ರಶ್ನೆಗಳೂ ಹಂತಕ್ಕೆ 27ರ ಬದಲು 33 ಇರುತ್ತವೆ. ನಿಜವಾದ ಪರೀಕ್ಷೆ ಕಾಲೇಜ್ ಬೋರ್ಡ್‌ನದ್ದೇ ಬ್ಲೂಬುಕ್ ಆ್ಯಪಿನಲ್ಲಿ, ಅದು ಫೋನಿನಲ್ಲಿ ನಡೆಯುವುದಿಲ್ಲ, ಲ್ಯಾಪ್‌ಟಾಪ್ ಅಥವಾ ಟ್ಯಾಬ್ ಬೇಕು. ನಾವು ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಕೊಂಡೆವು. ಕೊನೆಯ ಎರಡು ತಿಂಗಳು ಪೂರ್ಣ ಪತ್ರಿಕೆಗಳನ್ನು ಅದರಲ್ಲೇ ಮಾಡಿದಳು, ಯಾಕೆಂದರೆ ಪ್ರಶ್ನೆಗೆ ಸುಮಾರು 71 ಸೆಕೆಂಡು ಅನ್ನುವ ಲಯ ಕಾಗದದ ಮೇಲೆ ಕೂರುವುದಿಲ್ಲ. ನಮ್ಮೂರಿನವರಿಗೆ ಸಮಾಧಾನದ ಮಾತೆಂದರೆ, ಶುರು ಮಾಡುವಾಗ ಮತ್ತು ಉತ್ತರ ಕಳಿಸುವಾಗ ನೆಟ್ ಇದ್ದರಾಯಿತು, ನಡುವೆ ಹೋದರೂ ಪತ್ರಿಕೆ ನಿಲ್ಲುವುದಿಲ್ಲ. ವ್ಯಾಕರಣಕ್ಕೆ ಖಾನ್ ಅಕಾಡೆಮಿ ಜಾಲತಾಣದ ಪುಕ್ಕಟೆ ಪಾಠಗಳು ಸಾಕಾದವು.

ಮೊದಲ ಅಭ್ಯಾಸ ಪತ್ರಿಕೆಯಲ್ಲಿ 800ಕ್ಕೆ 510 ಇದ್ದದ್ದು ಪರೀಕ್ಷೆಯಲ್ಲಿ 680 ಆಯಿತು. ಇದಕ್ಕಿಂತ ಹೆಚ್ಚು ತೆಗೆಯುವವರು ಬಹಳ ಜನ ಇದ್ದಾರೆ. ಕವಿತೆ ಮತ್ತು ಹಳೆಯ ಇಂಗ್ಲಿಷ್ ಗದ್ಯದ ಭಾಗಗಳು ಅವಳಿಗೆ ಕೊನೆಯ ತನಕ ಕಷ್ಟವೇ ಆದವು. ಅಲ್ಲಿ ವಿವರಣೆ ಓದಿದರೂ ಸಾಲದು, ವರ್ಷಗಳ ಓದು ಬೇಕು. ಚೆನ್ನಾಗಿ ಓದಿಕೊಂಡ, 700 ದಾಟಿದ ಮಕ್ಕಳಿಗೆ ಇದರಿಂದ ಇಷ್ಟೇ ಲಾಭ ಆಗುತ್ತದೆ ಅಂತ ನಾನು ಹೇಳಲಾರೆ. ಕನ್ನಡ ಮಾಧ್ಯಮದಿಂದ ಬಂದು, ಓದಿದ್ದು ಅರ್ಥವಾದರೂ ಆಯ್ಕೆಯಲ್ಲಿ ಎಡವುವ ಮಕ್ಕಳಿಗೆ ಮಾತ್ರ ಕಣ್ಣು ಮುಚ್ಚಿ ಹೇಳುತ್ತೇನೆ, ಮೊದಲು ಇದನ್ನು ತೆಗೆದುಕೊಳ್ಳಿ.

ಮುದ್ರಿಸುವಾಗ ಒಂದು ಬದಿಗೆ ಮಾತ್ರ ಮುದ್ರಿಸಿ, ಖಾಲಿ ಬದಿ ಕಾರಣ ಬರೆಯಲು ಬೇಕಾಗುತ್ತದೆ. ಪೂರ್ಣ ಪತ್ರಿಕೆಗಳು ಮುಗಿದ ಮೇಲೆ ಕಾಲೇಜ್ ಬೋರ್ಡ್‌ನ ಪ್ರಶ್ನೆ ಭಂಡಾರಕ್ಕೆ ಹೋಗಿ. ಅಲ್ಲಿ ಕೌಶಲ ಮತ್ತು ಕಷ್ಟದ ಮಟ್ಟ ಆರಿಸಿ, ವಿವರಣೆಯ ಸಮೇತ ಪಿಡಿಎಫ್ ಮಾಡಿಕೊಳ್ಳಬಹುದು. ಗಣಿತ ಬಿಟ್ಟು ಓದು–ಬರಹದ ಪುಟಗಳನ್ನಷ್ಟೇ ತೆಗೆಸಿದರೆ ಜೆರಾಕ್ಸ್ ಖರ್ಚು ಅರ್ಧಕ್ಕೆ ಇಳಿಯುತ್ತದೆ.